ಎರಡು ಹಮ್ಮಿಂಗ್‌ಬರ್ಡ್‌ಗಳನ್ನು ಬೇರ್ಪಡಿಸಿ ಗುರುತಿಸುವ ಬಗೆ

ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಮರಿಮಾಡುವ ರೂಬಿ-ತ್ರೋಟೆಡ್ ಹಾಗೂ ಪಶ್ಚಿಮದ ಬ್ಲ್ಯಾಕ್-ಚಿನ್ಡ್ ಹಮ್ಮಿಂಗ್‌ಬರ್ಡ್‌ಗಳು ಆರ್ಕಿಲೋಕಸ್ ಎಂಬ ಕುಲದ ಎರಡೇ ಪ್ರಭೇದಗಳು. ಟೆಕ್ಸಾಸ್‌ನಲ್ಲಿ ಇವುಗಳ ನೆಲೆಗಳು ಸಂಧಿಸುವುದರಿಂದ, ಅಲ್ಲಿ ನೆಲೆಸಿರುವ ಕನ್ನಡಿಗರ ಹಿತ್ತಲಿನ ಸಕ್ಕರೆ ನೀರಿನ ಫೀಡರ್‌ಗೆ ಎರಡೂ ಬರಬಹುದು. (ನಮ್ಮ ದಾಸವಾಳಕ್ಕೆ ಬರುವ ಸೂರಕ್ಕಿ ಬೇರೆಯೇ ಕುಟುಂಬದ್ದು, ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ.)

ಗಂಡುಗಳಲ್ಲಿ ಮೊದಲು ಕೊರಳನ್ನು ನೋಡಬೇಕು. ಆ ಹೊಳಪು ಗರಿಯ ರಚನೆಯಿಂದ ಹುಟ್ಟುವಂಥದ್ದಾದ್ದರಿಂದ ನೆರಳಿನಲ್ಲಿ ಎರಡರ ಕೊರಳೂ ಕಪ್ಪಾಗಿಯೇ ಕಾಣುತ್ತದೆ. ಹಕ್ಕಿ ಬಿಸಿಲಿಗೆ ತಿರುಗುವವರೆಗೆ ಕಾಯಿರಿ. ಕೊರಳಿಡೀ ಕೆಂಡದಂತೆ ಕೆಂಪಾಗಿ ಹೊಳೆದರೆ ಅದು ರೂಬಿ-ತ್ರೋಟೆಡ್. ಕಪ್ಪು ಗದ್ದದ ಕೆಳಗೆ ನೇರಳೆ ಪಟ್ಟಿಯೊಂದು ಮಿಂಚಿದರೆ ಬ್ಲ್ಯಾಕ್-ಚಿನ್ಡ್.

ನಿಜವಾದ ಪರೀಕ್ಷೆ ಹೆಣ್ಣುಗಳದ್ದು. ಎರಡಕ್ಕೂ ಹಸಿರು ಬೆನ್ನು, ಮಾಸಲು ಬಿಳಿ ಎದೆ. ಬ್ಲ್ಯಾಕ್-ಚಿನ್ಡ್ ಹೆಣ್ಣಿನ ನೆತ್ತಿ ಸಾಮಾನ್ಯವಾಗಿ ಹೆಚ್ಚು ಬೂದು, ಕೊಕ್ಕು ತುಸು ಉದ್ದವಾದರೂ ಇವೆರಡನ್ನೇ ನೆಚ್ಚುವುದು ಸರಿಯಲ್ಲ. ನನ್ನ ಮಟ್ಟಿಗೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು ರೆಕ್ಕೆಯ ತುದಿ: ಹಕ್ಕಿ ಕೊಂಬೆಯ ಮೇಲೆ ರೆಕ್ಕೆ ಮಡಚಿ ಕುಳಿತಾಗ ಪಕ್ಕದಿಂದ ಚಿತ್ರ ತೆಗೆದು, ಹಿಗ್ಗಿಸಿ, ಹೊರಗಿನ ಕೊನೆಯ ಗರಿಯನ್ನು ಗಮನಿಸಿರಿ. ಅದು ಅಗಲವಾಗಿ, ಬಾಗಿ, ತುದಿಯಲ್ಲಿ ಮೊಂಡಾಗಿದ್ದರೆ ಬ್ಲ್ಯಾಕ್-ಚಿನ್ಡ್. ಕಿರಿದಾಗಿ, ಹೆಚ್ಚು ನೇರವಾಗಿ ಚೂಪುಗೊಂಡಿದ್ದರೆ ರೂಬಿ-ತ್ರೋಟೆಡ್.

ಮಕರಂದ ಹೀರುವಾಗ ಬ್ಲ್ಯಾಕ್-ಚಿನ್ಡ್ ಬಾಲವನ್ನು ಎಡೆಬಿಡದೆ ಆಡಿಸುತ್ತಿರುತ್ತದೆ. ರೂಬಿ-ತ್ರೋಟೆಡ್ ಬಹುಮಟ್ಟಿಗೆ ಸ್ಥಿರವಾಗಿ ಹಿಡಿಯುತ್ತದೆ. ಇದನ್ನು ಪೋಷಕ ಲಕ್ಷಣವಾಗಿಯಷ್ಟೇ ಬಳಸಿರಿ. ಎರಡರ ಮಿಶ್ರತಳಿಗಳೂ ಉಂಟಾದ್ದರಿಂದ, ಲಕ್ಷಣಗಳು ಹೊಂದದಿದ್ದಾಗ ಟಿಪ್ಪಣಿಯಲ್ಲಿ ಕುಲದ ಹೆಸರನ್ನು ಮಾತ್ರ ಬರೆಯಿರಿ.