ಸ್ಲೈಸ್‌ನಲ್ಲಿ ಡೈಕ್ಲೋಫೆನಾಕ್: ಪರ್ಫೊರೇಟೆಡ್ ಪ್ಯಾಚ್ ಕೊನೆಗೂ ಕೈಹಿಡಿಯಿತು

ನರಕೋಶಕ್ಕೆ ಗಾಜಿನ ಪಿಪೆಟ್ ಅಂಟಿಸಿ, ಪೊರೆ ಒಡೆದು ಕರೆಂಟ್ ಅಳೆಯುವ ಹೋಲ್-ಸೆಲ್ ವಿಧಾನದಲ್ಲಿ ನೋವಿನ ಔಷಧ ಡೈಕ್ಲೋಫೆನಾಕ್ ಹಾಕಿ ನೋಡಿದವರಿಗೆ ಈ ಗೋಳು ಗೊತ್ತಿರುತ್ತದೆ. ಪೊರೆ ಒಡೆದು ಹತ್ತು ನಿಮಿಷ ಆಗುವಷ್ಟರಲ್ಲಿ ಎಂ-ಕರೆಂಟ್ (ನರಕೋಶವನ್ನು ತಣಿಸುವ ಪೊಟ್ಯಾಸಿಯಂ ಕರೆಂಟ್) ತಾನಾಗಿಯೇ ಇಳಿಯತೊಡಗುತ್ತದೆ. ಡೈಕ್ಲೋಫೆನಾಕ್ ಮಾಡುವುದೇ ಈ ಕರೆಂಟ್ ಹರಿಯುವ ಕೆಸಿಎನ್‌ಕ್ಯೂ ಚಾನೆಲ್ ತೆರೆಯುವ ಕೆಲಸ, ಅಂದರೆ ಅದೇ ಕರೆಂಟನ್ನು ಏರಿಸುವುದು. ಒಂದು ಕಡೆ ಇಳಿಯುತ್ತದೆ, ಇನ್ನೊಂದು ಕಡೆ ಏರುತ್ತದೆ. ಗ್ರಾಫ್ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಹಾಗಂತ ಬರೆದುಕೊಂಡು ಎಷ್ಟು ಜನ ಕೈಬಿಟ್ಟಿದ್ದಾರೋ!

ಅದಕ್ಕೇ ಸ್ಲೈಸ್‌ನಲ್ಲೇ, ಅಂದರೆ ಮಿದುಳಿನ ತೆಳು ಹೋಳಿನಲ್ಲೇ, ಪರ್ಫೊರೇಟೆಡ್ ಪ್ಯಾಚ್ ಮಾಡಲು ಹೊರಟೆ. ಇದರಲ್ಲಿ ಪೊರೆ ಒಡೆಯುವುದಿಲ್ಲ, ಆಂಫೊಟೆರಿಸಿನ್ ಎಂಬ ಔಷಧದಿಂದ ಅದರಲ್ಲಿ ಸಣ್ಣ ರಂಧ್ರಗಳನ್ನಷ್ಟೇ ಮಾಡುತ್ತೇವೆ, ಹಾಗಾಗಿ ಕೋಶದೊಳಗಿನದ್ದು ತೊಳೆದು ಹೋಗುವುದಿಲ್ಲ. 'ಕಲ್ಚರ್‌ನಲ್ಲಿ (ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ) ಆದರೆ ಸರಿ, ಸ್ಲೈಸ್‌ನಲ್ಲಿ ಆಗದ ಮಾತು' ಎಂದರು ಜೊತೆಯವರು. ಅವರ ಮಾತಿನಲ್ಲಿ ಕಾರಣವಿತ್ತು. ಅಂಗಾಂಶದೊಳಗೆ ಇಳಿಯಲು ಪಿಪೆಟ್‌ಗೆ ಒತ್ತಡ ಕೊಡಲೇಬೇಕು. ಒತ್ತಡ ಕೊಟ್ಟರೆ ಆಂಫೊಟೆರಿಸಿನ್ ತುದಿಯಿಂದ ಹೊರಗೆ ಚಿಮ್ಮಿ, ಸೀಲ್ ಆಗುವ (ಪಿಪೆಟ್ ಪೊರೆಗೆ ಬಿಗಿಯಾಗಿ ಅಂಟುವ) ಮೊದಲೇ ಕೋಶವನ್ನು ಕೆಡಿಸುತ್ತದೆ. ಮೊದಮೊದಲು ಇಡೀ ದಿನಕ್ಕೆ ಒಂದು ಗಿಗಾ-ಸೀಲ್ ಸಿಕ್ಕರೆ ಹಬ್ಬ. ಎಷ್ಟೋ ವಾರ ಅದೂ ಇಲ್ಲ.

ದಾರಿ ತೆರೆದದ್ದು ತುದಿ ತುಂಬುವ ರೀತಿಯಲ್ಲಿ. ತುದಿಗೆ ಸಾದಾ ದ್ರಾವಣ, ಹಿಂದೆ ಆಂಫೊಟೆರಿಸಿನ್ ಬೆರೆತದ್ದು. ಇದು ಎಲ್ಲರಿಗೂ ಗೊತ್ತು. ಸಾದಾ ದ್ರಾವಣ ಎಷ್ಟು ಎತ್ತರಕ್ಕೆ ಏರಬೇಕು ಅನ್ನುವುದರಲ್ಲೇ ಗುಟ್ಟಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ನಿಮ್ಮ ಪಿಪೆಟ್‌ಗೆ ಹೊಂದುವಂತೆ ನೀವೇ ಹುಡುಕಿಕೊಳ್ಳಬೇಕು. ಆಂಫೊಟೆರಿಸಿನ್ ಬೆಳಕಿಗೆ ಕೆಡುತ್ತದೆ. ಎರಡು ಮೂರು ಗಂಟೆಗೊಮ್ಮೆ ಹೊಸದಾಗಿ ಬೆರೆಸಿ, ಫಾಯಿಲ್ ಸುತ್ತಿಡಿ. ಸೀಲ್ ಆದಮೇಲೆ ಇಪ್ಪತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ ಸುಮ್ನೆ ಕಾಯಬೇಕು. ಆಕ್ಸೆಸ್ (ಪಿಪೆಟ್‌ನಿಂದ ಕೋಶದೊಳಗಿನ ದಾರಿಯ ವಿದ್ಯುತ್ ತಡೆ) 30 ಮೆಗಾಓಮ್‌ಗಿಂತ ಕೆಳಗೆ ಬಂದು ನಿಂತರೆ ಮುಂದುವರಿಯುತ್ತೇನೆ.

ಪಿಪೆಟ್ ದ್ರಾವಣದಲ್ಲಿ ಲೂಸಿಫರ್ ಯೆಲ್ಲೋ ಎಂಬ ಹೊಳೆಯುವ ಬಣ್ಣವನ್ನು ಒಂದಿಷ್ಟು ಹಾಕಿಡುವುದು ನನ್ನ ಅಭ್ಯಾಸ. ಆಂಫೊಟೆರಿಸಿನ್ ಮಾಡುವ ರಂಧ್ರದಲ್ಲಿ ಅದು ತೂರುವುದಿಲ್ಲ. ಪ್ಯಾಚ್ ಸರಿಯಿದ್ದರೆ ಪಿಪೆಟ್ ಮಾತ್ರ ಹಳದಿ, ಕೋಶ ಕಪ್ಪು. ಪ್ಯಾಚ್ ಹರಿದರೆ ಕೋಶ, ಆಮೇಲೆ ಅದರ ಡೆಂಡ್ರೈಟ್‌ಗಳೂ ಬೆಳಗುತ್ತವೆ. ಬೆಳಗಿದ ಕೋಶದ ರೆಕಾರ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ಬಿಸಾಡುತ್ತೇನೆ. ಹೀಗಿದ್ದರೆ ಮಾತ್ರ ಎದುರಿನವರ ಬಾಯಿ ಮುಚ್ಚಿಸಬಹುದು.

ಫಲಿತಾಂಶ? ಕಾರ್ಟೆಕ್ಸ್‌ನ ಪಿರಮಿಡಲ್ ಕೋಶಕ್ಕೆ ಅದೇ ಕರೆಂಟ್ ಕೊಟ್ಟಾಗ ಹತ್ತು ಹನ್ನೆರಡು ಸ್ಪೈಕ್ (ನರಕೋಶದ ವಿದ್ಯುತ್ ಮಿಡಿತ) ಬರುತ್ತಿದ್ದದ್ದು, 50 ಮೈಕ್ರೋಮೋಲಾರ್ ಡೈಕ್ಲೋಫೆನಾಕ್ ಬಂದಮೇಲೆ ನಾಲ್ಕೈದಕ್ಕೆ ಇಳಿಯಿತು. ಎಕ್ಸ್‌ಇ-991 ಹಾಕಿ ಕೆಸಿಎನ್‌ಕ್ಯೂ ಮುಚ್ಚಿದರೆ ಸ್ಪೈಕ್ ವಾಪಸ್. ಡೈಕ್ಲೋಫೆನಾಕ್ ನೋವು ಇಳಿಸುವುದು ಕಾಕ್ಸ್ ಕಿಣ್ವವನ್ನು ತಡೆದು, ಅದರಿಂದಲೇ ಹೀಗಾಯಿತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಮೊದಲೇ ಕಾಕ್ಸನ್ನೇ ತಡೆಯುವ ಇಂಡೊಮೆಥಾಸಿನ್‌ನಲ್ಲಿ ನೆನೆಸಿಟ್ಟ ಸ್ಲೈಸ್‌ನಲ್ಲೂ ಮಾಡಿದೆ. ಅಲ್ಲೂ ಅದೇ ಇಳಿತ. ಡೈಕ್ಲೋಫೆನಾಕ್ ಸೋಡಿಯಂ ನೀರಿನಲ್ಲೇ ಕರಗುವುದರಿಂದ ಡಿಎಂಎಸ್‌ಒ ಎಂಬ ದ್ರಾವಕದ ತಕರಾರೂ ಇಲ್ಲ. 2005ರಲ್ಲಿ ಕಲ್ಚರ್ ಕೋಶಗಳಲ್ಲಿ ಬೇರೆ ಸಂಶೋಧಕರು ಇದನ್ನೇ ತೋರಿಸಿದ್ದರು. ಅಲ್ಲಿ ಕೆಲವೇ ಮೈಕ್ರೋಮೋಲಾರ್‌ಗೆ ಚಾನೆಲ್ ತೆರೆದಿತ್ತು. ನನ್ನ ಸ್ಲೈಸ್‌ನಲ್ಲಿ 10ಕ್ಕೆ ಅಷ್ಟಾಗಿ ಏನೂ ಕಾಣಲಿಲ್ಲ.

ದುಡ್ಡು ಹೋದದ್ದು ಎಕ್ಸ್‌ಇ-991ಕ್ಕೆ ಮತ್ತು ಪ್ರಾಣಿಗಳಿಗೆ. ವರ್ಷದ ಖರೀದಿ ಹಣದಲ್ಲಿ ಮೂರನೇ ಒಂದು ಪಾಲು ಈ ಎರಡೇ ನುಂಗಿದವು. ಆಮೇಲೆ ಹದಿನೈದಿಪ್ಪತ್ತು ಮಿಲಿಲೀಟರ್ ದ್ರಾವಣವನ್ನೇ ಸುತ್ತಿಸುವ ಲೂಪ್ ಮಾಡಿಕೊಂಡೆ, ಖರ್ಚು ತುಂಬಾ ಇಳಿಯಿತು. ಒಂದು ಸ್ಲೈಸ್‌ಗೆ ಒಂದೇ ಕೋಶ, ಆಮೇಲೆ ದ್ರಾವಣವನ್ನೆಲ್ಲ ಚೆಲ್ಲಬೇಕು. ಇದರಲ್ಲಿ ಮಾತ್ರ ಜಿಪುಣತನ ಬೇಡ.

ನಡುವೆ ಇನ್ನೊಂದು ನೋವಿನ ಔಷಧವಾದ ಮೆಫೆನಾಮಿಕ್ ಆಮ್ಲದ ಕಡೆಗೂ ಮನಸ್ಸು ಹೋಯಿತು. ಅದು ನರಕೋಶವನ್ನು ತಡೆಹಿಡಿಯುವ ಗಾಬಾ-ಎ ರಿಸೆಪ್ಟರನ್ನು ಬಲಪಡಿಸುತ್ತದೆ, ಅದರಲ್ಲೂ ಬೀಟಾ-2, ಬೀಟಾ-3 ಉಪಘಟಕ ಇರುವಂಥದ್ದನ್ನು. ಐಪಿಎಸ್‌ಸಿ (ಆ ರಿಸೆಪ್ಟರ್ ತರುವ ತಡೆಯ ಕರೆಂಟ್) ಇಳಿಯುವ ಬಾಲ ಉದ್ದವಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ಇದೇ ಔಷಧ ಮಿತಿಮೀರಿ ಸೇವಿಸಿದವರಿಗೆ ಫಿಟ್ಸ್ ಬರುತ್ತದೆ. ನರಕೋಶವನ್ನು ತಣಿಸುವ ಔಷಧ ಯಾಕೆ ಹಾಗೆ ಮಾಡುತ್ತದೆ ಎಂಬುದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು ಪ್ರಯೋಗ ರಕ್ತದ ಪ್ರೋಟೀನ್ ಆದ ಆಲ್ಬುಮಿನ್‌ದು. ರಕ್ತದಲ್ಲಿ ಡೈಕ್ಲೋಫೆನಾಕ್ ಶೇ. 99ಕ್ಕಿಂತ ಜಾಸ್ತಿ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಉಳಿಯುವುದು ಚೂರು. ಬಾತ್‌ಗೆ (ಸ್ಲೈಸ್ ಮುಳುಗಿರುವ ದ್ರಾವಣಕ್ಕೆ) ಸ್ವಲ್ಪ ಆಲ್ಬುಮಿನ್ ಸೇರಿಸಿದೆ. ಅದೇ 50 ಮೈಕ್ರೋಮೋಲಾರ್, ಪರಿಣಾಮ ಹೆಚ್ಚೂಕಡಿಮೆ ಮಾಯ. ಆದ್ದರಿಂದ ಸ್ಲೈಸ್‌ನ ಈ ಅಂಕಿಗಳನ್ನು ನೋವಿಗೆ ಮಾತ್ರೆ ನುಂಗುವವರ ಮಿದುಳಿಗೆ ನೇರವಾಗಿ ಅಂಟಿಸಬೇಡಿ. ಪ್ರಯೋಗ ಮಾಡುವವರಿಗೆ ಒಂದು ಮಾತು: ಕಾರ್ಬೊಜೆನ್ (ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಮಿಶ್ರಣ) ಒಳಗೆ ಹಾಯಿಸಿದರೆ ಆಲ್ಬುಮಿನ್ ನೊರೆ ಉಕ್ಕಿ ಟ್ಯೂಬ್ ಸೇರುತ್ತದೆ. ಗ್ಯಾಸನ್ನು ದ್ರಾವಣದೊಳಗೆ ಬಿಡದೆ ಮೇಲ್ಮೈ ಮೇಲೆ ಹಾಯಿಸಿ, ಪಂಪ್ ನಿಧಾನಕ್ಕಿಡಿ.