ಶಿಂಗಲ್ಸ್ ಬಣ್ಣ ಆಮೇಲೆ, ಮೊದಲು ಅದರ ಕೆಳಗಿನ ಹಾಳೆ

ರಜೆಗೆ ಜಯನಗರದ ಮನೆಗೆ ಬಂದಿದ್ದೇನೆ. ನಿನ್ನೆ ಸಂಜೆ ಪಕ್ಕದ ಮನೆಯವರ ಮಗ ಅಮೆರಿಕದ ಮಿಷಿಗನ್‌ನಿಂದ ವಿಡಿಯೋ ಕಾಲ್ ಮಾಡಿದ್ದ. ಅಲ್ಲಿ ಹಳೆಯ ಮನೆ ಕೊಂಡಿದ್ದಾನೆ, ಛಾವಣಿ ಬದಲಿಸಬೇಕಂತೆ. "ಅಂಕಲ್, ಶಿಂಗಲ್ಸ್ ಯಾವ ಬಣ್ಣದ್ದು ಹಾಕಿಸಲಿ?" ಅಂತ ಕೇಳಿದ. ಶಿಂಗಲ್ಸ್ ಅಂದರೆ ಛಾವಣಿಯ ಮೇಲೆ ಹೊದಿಸುವ ತೆಳು ಬಿಲ್ಲೆಗಳು. ಅದರ ಕೆಳಗೆ ಏನು ಹಾಸ್ತಾರೆ ಅಂತ ನಾನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. 18 ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಬೆಂಗಳೂರು ಬಿಟ್ಟು ಹಿಮ ಬೀಳುವ ಊರಲ್ಲಿ ಮನೆ ಮಾಡಿದವರೆಲ್ಲ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾವು ತಾರಸಿ ನೋಡಿ ಬೆಳೆದವರು. ಆರ್‌ಸಿಸಿ ಮೋಲ್ಡ್ ಹಾಕಿ, ಸ್ವಲ್ಪ ಇಳಿಜಾರು ಕೊಟ್ಟು, ನೀರನ್ನು ಪೈಪಿಗೆ ಬಿಟ್ಟರೆ ಆಯಿತು. ಅಲ್ಲಿಯ ಮನೆ ಹಾಗಲ್ಲ. ಮರದ ತೊಲೆ, ಮೇಲೆ ಪ್ಲೈವುಡ್ ಅಥವಾ ಓಎಸ್‌ಬಿ (ಮರದ ಚೂರು ಅಂಟಿಸಿ ಒತ್ತಿದ) ಹಲಗೆ, ಅದರ ಮೇಲೆ ಅಂಡರ್‌ಲೇಮೆಂಟ್ ಅನ್ನುವ ಹಾಳೆ, ಕೊನೆಗೆ ಶಿಂಗಲ್ಸ್. ಶಿಂಗಲ್ಸ್ ನಮ್ಮ ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಕೂತು ನೀರನ್ನು ಕೆಳಕ್ಕೆ ಜಾರಿಸುತ್ತವೆ, ಅಷ್ಟೇ. ನೀರು ನಿಂತು ಹಿಂದಕ್ಕೆ ಏರಿದರೆ ತಡೆಯುವುದಿಲ್ಲ. ಹೆಂಚಿನ ಮನೆ ಸೋರಿದರೆ ಕೆಳಗೆ ಪಾತ್ರೆ ಇಡುತ್ತಿದ್ದೆವು, ಅಲ್ವಾ? ಅಲ್ಲಿ ಸೋರಿದ ನೀರು ಮೊದಲು ಹಲಗೆ, ಇನ್ಸುಲೇಷನ್ (ಮನೆಯ ಬಿಸಿ ಹೊರಹೋಗದಂತೆ ತುಂಬುವ ಪದರ) ನೆನೆಸುತ್ತದೆ. ಒಳಗೆ ಕಲೆ ಕಾಣುವ ಹೊತ್ತಿಗೆ ಹಲಗೆ ಕೊಳೆಯಲು ಶುರುವಾಗಿರಬಹುದು.

ಅಗ್ಗದ ಹಾಳೆ ಅಂದರೆ ಡಾಂಬರು ಹೀರಿಸಿದ ಫೆಲ್ಟ್. 15 ಪೌಂಡ್ (ತೆಳು), 30 ಪೌಂಡ್ (ದಪ್ಪ) ಅಂತ ಸಿಗುತ್ತದೆ. ನೆನೆದರೆ ಸುಕ್ಕುಗಟ್ಟುತ್ತದೆ. ನನ್ನ ಮೊದಲ ಮನೆಗೆ ಕಂಟ್ರಾಕ್ಟರ್ ಶುಕ್ರವಾರ 15 ಪೌಂಡಿನದು ಹಾಸಿ ಹೋದರು. ಶನಿವಾರ ಮಳೆ. ಸೋಮವಾರ ಬಂದು ಆ ಸುಕ್ಕಿನ ಮೇಲೇ ಶಿಂಗಲ್ಸ್ ಹೊಡೆದರು. ಸುಕ್ಕು ಮೇಲಕ್ಕೆ ಎದ್ದು ಕಾಣುತ್ತಿತ್ತು. ನನಗೆ ತಿಳಿದಿದ್ದರೆ ಅವತ್ತೇ ಕೆಲಸ ನಿಲ್ಲಿಸುತ್ತಿದ್ದೆ.

ಈಗ ನಾನು ಹೇಳುವುದು ಪ್ಲಾಸ್ಟಿಕ್‌ನಿಂದ ಮಾಡಿದ ಸಿಂಥೆಟಿಕ್ ಹಾಳೆ. ಹಗುರ, ಸುಲಭಕ್ಕೆ ಹರಿಯುವುದಿಲ್ಲ, ಮಳೆ ಬಂದರೂ ಸುಕ್ಕಾಗುವುದಿಲ್ಲ. 15 ಪೌಂಡ್ ಫೆಲ್ಟಿನ ಒಂದು ಸುರುಳಿ ಸುಮಾರು 400 ಚದರಡಿ ಬಂದರೆ, ಇದು ಸಾಮಾನ್ಯವಾಗಿ 1000 ಚದರಡಿ ಬರುತ್ತದೆ. ಆದರೆ ಹೆಚ್ಚಿನವು ಹಬೆಯನ್ನು ಹೊರಗೆ ಬಿಡುವುದಿಲ್ಲ. ಅದಕ್ಕೇ ಅಟ್ಟದಲ್ಲಿ ಗಾಳಿ ಆಡಬೇಕು. ಸ್ಟೇಪಲ್ ಹೊಡೆದು ಮುಗಿಸಲು ಬಿಡಬೇಡಿ, ಪ್ಲಾಸ್ಟಿಕ್ ಟೋಪಿ ಇರುವ ಕ್ಯಾಪ್ ಮೊಳೆ ಕೇಳಿ.

ಇನ್ನು ಸೂರು. ಬೆಂಗಳೂರಿನವರಿಗೆ ಊಹೆಗೂ ಬರದ ತೊಂದರೆ ಇಲ್ಲಿದೆ. ಮನೆಯ ಬಿಸಿ ಅಟ್ಟಕ್ಕೆ ಏರಿ ಛಾವಣಿಯ ಮೇಲಿನ ಹಿಮ ಕರಗುತ್ತದೆ. ಆ ನೀರು ಇಳಿದು, ಗೋಡೆಯಿಂದ ಆಚೆ ಚಾಚಿದ ತಣ್ಣನೆಯ ಸೂರಿಗೆ ಬಂದಾಗ ಮತ್ತೆ ಗಡ್ಡೆ ಕಟ್ಟುತ್ತದೆ. ಆ ಗಡ್ಡೆ ಕಟ್ಟೆಯ ಹಾಗೆ ನಿಂತು, ಹಿಂದಿನಿಂದ ಬರುವ ನೀರನ್ನು ಶಿಂಗಲ್ಸ್ ಅಡಿಗೆ ಏರಿಸುತ್ತದೆ. ಅಲ್ಲಿ ಅಂಟು ಹಾಳೆಯೇ ಬೇಕು. 'ಐಸ್ ಅಂಡ್ ವಾಟರ್' ಅಂತ ಕರೆಯುತ್ತಾರೆ. ಹಲಗೆಗೆ ಅಂಟಿಕೊಂಡು ಮೊಳೆಯ ಸುತ್ತಲೂ ಬಿಗಿಯಾಗುತ್ತದೆ.

ಐಸ್ ಕಟ್ಟುವ ಕಡೆ ಅಮೆರಿಕದ ಮಾದರಿ ಕಟ್ಟಡ ನಿಯಮದ (ಕೋಡ್) ಪ್ರಕಾರ ಈ ಹಾಳೆ ಸೂರಿನ ಅಂಚಿನಿಂದ ಹೊರಗೋಡೆಯ ಗೆರೆ ದಾಟಿ ಕನಿಷ್ಠ 24 ಇಂಚು ಒಳಗೆ ಹೋಗಬೇಕು. ಜಾಸ್ತಿ ಜನ ಎಡವುವುದು ಈ ಲೆಕ್ಕದಲ್ಲೇ. ಸೂರು 18 ಇಂಚು ಚಾಚಿದ್ದರೆ ಒಟ್ಟು 42 ಇಂಚು ಆಯಿತು, ಇಳಿಜಾರಿನ ಮೇಲೆ ಅಳೆದರೆ ಇನ್ನೂ ಹೆಚ್ಚು. ಸಾಮಾನ್ಯ ಸುರುಳಿಯ ಅಗಲ 36 ಇಂಚು. ಒಂದು ಸಾಲು ಸಾಲದು. ಎರಡು ಇಳಿಜಾರು ಸೇರುವ ವ್ಯಾಲಿಗೂ ಚಿಮಣಿಯ ಸುತ್ತಲೂ ಇದನ್ನೇ ಹಾಕಿಸಿ. ಕಂಟ್ರಾಕ್ಟರ್ ಇಡೀ ಛಾವಣಿಗೆ ಇದನ್ನೇ ಮೆತ್ತುತ್ತೇವೆ ಅಂದರೆ ನಾನಂತೂ ಬೇಡ ಅನ್ನುತ್ತೇನೆ. ಮುಂದೆ ಕಿತ್ತಾಗ ಹಲಗೆಯೂ ಹಾಳಾಗಬಹುದು.

ಇಳಿಜಾರನ್ನೂ ಕೇಳಿ. ಅಡ್ಡಕ್ಕೆ 12 ಇಂಚು ಹೋದಾಗ 4 ಇಂಚಿಗಿಂತ ಕಡಿಮೆ ಏರಿದ್ದರೆ ಹಾಳೆ ಎರಡು ಪದರ ಬೇಕು. 2 ಇಂಚಿಗಿಂತ ಕಡಿಮೆ ಇದ್ದರೆ ಅಲ್ಲಿ ಶಿಂಗಲ್ಸ್ ಹಾಕುವಂತೆಯೇ ಇಲ್ಲ.

ಕೊಟೇಷನ್‌ನಲ್ಲಿ ಸುಮ್ನೆ 'ಅಂಡರ್‌ಲೇಮೆಂಟ್ ಸೇರಿದೆ' ಅಂತಿದ್ದರೆ ಸಹಿ ಹಾಕಬೇಡಿ. ಯಾವ ಹಾಳೆ, ಸೂರಿಗೆ ಎಷ್ಟು ಸಾಲು ಅಂತ ಬರೆಸಿಕೊಳ್ಳಿ. ಶಿಂಗಲ್ಸ್ ಮುಚ್ಚುವ ಮೊದಲು ಫೋಟೋ ಕೇಳಿ.

ಇವತ್ತು ಬೆಳಗ್ಗೆ ಆ ಹುಡುಗ ಮತ್ತೆ ಫೋನ್ ಮಾಡಿದ. ಅವನ ಸೂರು 20 ಇಂಚು. ಕೊಟೇಷನ್‌ನಲ್ಲಿ ಇದ್ದದ್ದು ಒಂದೇ ಸಾಲು. ಎರಡು ಅಂತ ತಿದ್ದಿಸಿದ್ದಾನೆ.