ಜಾಗ ಕೇಳಬೇಡಿ, ಎಷ್ಟು ಅಡಿ ಅಂತ ಕೇಳಿ

ಬೆಳಿಗ್ಗೆ ಪೇಪರ್ ಬಂದರೆ ನಾನು ಮೊದಲು ನೋಡುವುದು ಜಲಾಶಯಗಳ ಮಟ್ಟ. ಲಿಂಗನಮಕ್ಕಿ ಇವತ್ತು ಎಷ್ಟು ಅಡಿ, ನಿನ್ನೆಗಿಂತ ಎಷ್ಟು ಇಳಿದಿದೆ. "ಕರೆಂಟ್ ತಯಾರಿಸುವವರಿಗೂ ಇಷ್ಟು ಚಿಂತೆ ಇರಲಿಕ್ಕಿಲ್ಲ" ಅಂತ ಹೆಂಡತಿ ನಗುತ್ತಾಳೆ. ಅವಳು ಹೇಳುವುದೂ ಸರಿ. ಆದರೆ ಭಾನುವಾರ ಗಾಳ ಎಲ್ಲಿ ಹಾಕಬೇಕು ಅನ್ನುವುದು ನನಗೆ ಆ ಒಂದು ಸಾಲಿನಲ್ಲೇ ತೀರ್ಮಾನ ಆಗುತ್ತದೆ.

ಸಾಗರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಇಲ್ಲಿಂದ ಯಾವ ಕಡೆ ಹೊರಟರೂ ನೀರು ಸಿಗುತ್ತದೆ. ಒಂದು ಕಡೆ ಲಿಂಗನಮಕ್ಕಿ ಅಣೆಕಟ್ಟಿನಿಂದ ನಿಂತ ಶರಾವತಿ ಹಿನ್ನೀರು, ಇಕ್ಕೇರಿ ಹತ್ತಿರ ಹುಟ್ಟಿ ಬನವಾಸಿ ಕಡೆ ಹರಿಯುವ ವರದಾ, ತೀರ್ಥಹಳ್ಳಿ ಕಡೆ ಹೋದರೆ ತುಂಗೆ, ಸೊರಬದಲ್ಲಂತೂ ಊರಿಗೊಂದು ಕೆರೆ. ಇಷ್ಟೆಲ್ಲ ಇದ್ದೂ ಮೊದಲ ನಾಲ್ಕೈದು ವರ್ಷ ನಾನು ಬರಿಗೈಯಲ್ಲಿ ಬಂದಿದ್ದೇ ಜಾಸ್ತಿ.

ತಪ್ಪು ಏನಾಗಿತ್ತು ಅಂದರೆ, ನಾನು ಎಲ್ಲರ ಹತ್ತಿರ ಜಾಗ ಕೇಳುತ್ತಿದ್ದೆ. ಒಬ್ಬರು ಹಿನ್ನೀರಿನ ಒಂದು ದಿಣ್ಣೆ ಹೇಳಿದರು. "ಅಲ್ಲಿ ಮರದ ಬುಡದಲ್ಲಿ ಕೂತ್ಕೋ ಮಾರಾಯ, ರೋಹು ಗ್ಯಾರಂಟಿ" ಅಂದರು. ಹೋದೆ. ಮರ ಇತ್ತು, ನೀರು ಇರಲಿಲ್ಲ! ಅವರು ಸುಳ್ಳು ಹೇಳಿರಲಿಲ್ಲ. ಅವರು ಹಿಡಿದಿದ್ದು ದೀಪಾವಳಿ ಹೊತ್ತಿಗೆ, ನಾನು ಹೋಗಿದ್ದು ಶಿವರಾತ್ರಿ ಕಳೆದ ಮೇಲೆ. ನೀರು ಆ ಮರ ಬಿಟ್ಟು ಇನ್ನೂರು ಮೀಟರ್ ಕೆಳಗೆ ಹೋಗಿತ್ತು.

ಅವತ್ತಿನಿಂದ ಒಂದು ಪಾಕೆಟ್ ಡೈರಿ ಇಟ್ಟೆ. ತಾರೀಕು, ಪೇಪರಿನಲ್ಲಿ ಬಂದ ಮಟ್ಟ, ಕೂತ ಜಾಗ, ಎಷ್ಟು ಆಳದಲ್ಲಿ ಗಾಳ ಬಿಟ್ಟೆ, ಏನು ಕಚ್ಚಿತು. ಏನೂ ಕಚ್ಚದಿದ್ದರೆ ಅದನ್ನೂ ಬರೆದೆ. ಮೂರು ವರ್ಷ ಬರೆದ ಮೇಲೆ ವಿಷಯ ತಿಳಿಯಿತು. ಲಿಂಗನಮಕ್ಕಿ ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ. ಆ ಮಟ್ಟ ಮುಟ್ಟಿ ನಿಂತಾಗ ಹಿನ್ನೀರು ಅಂಚಿನ ಹುಲ್ಲುಗಾವಲಿಗೆ ಏರಿರುತ್ತದೆ. ಮುಳುಗಿದ ಹುಲ್ಲಿನಲ್ಲಿ ಹುಳುಹುಪ್ಪಟೆ ಜಾಸ್ತಿ, ಮೀನು ತಿನ್ನಲು ಅಲ್ಲಿಗೇ ಬರುತ್ತದೆ. ಆಗ ದೂರ ಎಸೆಯುವುದು ದಂಡ, ಮೊಣಕಾಲುದ್ದ ನೀರಿನಲ್ಲೇ ಗೆಂಡೆ ಸಿಗುತ್ತದೆ. ನೀರು ಐದಾರು ಅಡಿ ಇಳಿದರೆ ಈ ಹುಲ್ಲಿನ ಆಟ ಮುಗಿಯಿತು. ಆಮೇಲೆ ಹಳೆಯ ತೊರೆ ಹರಿಯುತ್ತಿದ್ದ ತಗ್ಗು ಹುಡುಕಬೇಕು. ಬೇಸಿಗೆಯಲ್ಲಿ ನೀರು ಬತ್ತಿದಾಗ ಹೋಗಿ ಆ ತಗ್ಗುಗಳನ್ನು ಸುಮ್ನೆ ನೋಡಿಕೊಂಡು ಬಂದರೆ ಮುಂದಿನ ವರ್ಷಕ್ಕೆ ಅದೇ ನಕ್ಷೆ. ನಾನು ಫೋನಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳುತ್ತೇನೆ.

ಮಡೆನೂರಿನ ಹಳೇ ಅಣೆಕಟ್ಟು ಗೊತ್ತಲ್ವಾ? 1948ರಲ್ಲಿ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಅದೇ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಮತ್ತೆ ತಲೆ ಎತ್ತುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ. ನನಗೆ ಅದು ಬೇರೆ ಸೂಚನೆ. ಅದು ಕಂಡಿತು ಅಂದರೆ ಹಿನ್ನೀರಿನ ಅಂಚೆಲ್ಲ ಹುದುಲು. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ, ಕಾಲಿಟ್ಟರೆ ಕೆಳಗೆ ಗಂಜಿ. ಒಮ್ಮೆ ತೊಡೆಯವರೆಗೆ ಹೂತು ಹೋಗಿದ್ದೆ. ಜೊತೆಗಿದ್ದ ಚಿಕ್ಕಪ್ಪ ಗಾಳದ ಕೋಲು ಚಾಚಿ ಎಳೆದರು. ಕೋಲೂ ಮುರಿಯಿತು, ಚಪ್ಪಲಿ ಇನ್ನೂ ಅಲ್ಲೇ ಇದೆ.

ಕೋಲಿನ ಮಾತು ಬಂತಲ್ಲ. ಮೊದಲು ವಾಟೆ ಕೋಲು, ತಂಗೂಸಿ ದಾರ, ಬೆಂಡು, ಸೀಸದ ಗುಂಡು. ಅಷ್ಟರಲ್ಲೇ ಮೀನು ಹಿಡಿದೆ. ಈಗ ರೀಲ್ ಇರುವ ರಾಡ್ ಇದೆ, ಆದರೆ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿಗೆ ಸಿಕ್ಕಿ ಹಾಳಾದ ಗಾಳಕ್ಕೆ ಲೆಕ್ಕ ಇಲ್ಲ. ಆಹಾರಕ್ಕೆ ಎರೆಹುಳ, ಇಲ್ಲವೇ ತೌಡು, ಕಡಲೆಹಿಂಡಿ, ಸ್ವಲ್ಪ ಮೈದಾ ಕಲಸಿದ ಉಂಡೆ. ಕಾಟ್ಲಾ ಮೇಲ್ಮಟ್ಟದಲ್ಲಿ ತಿನ್ನುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನುವುದಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಕೆರೆಗೆ ಹೋಗುವ ಮೊದಲು ಅದು ಯಾರದ್ದು ಅಂತ ಕೇಳಿಕೊಳ್ಳಿ. ದೊಡ್ಡ ಕೆರೆಗಳ ಮೀನನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಸಣ್ಣವು ಗ್ರಾಮ ಪಂಚಾಯ್ತಿಯವು. ಗುತ್ತಿಗೆ ಹಿಡಿದವರು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ. ಒಂದು ಕೆರೆಯಲ್ಲಿ ನಾನು ಕೇಳದೆ ಕೂತು ಬೈಸಿಕೊಂಡೆ, ಬೈದಿದ್ದು ನ್ಯಾಯವೇ. ಈಗ ಅವರೇ ಫೋನ್ ಮಾಡುತ್ತಾರೆ, "ಅಣ್ಣ, ಕೊರವ ಮೀನು ಜಾಸ್ತಿ ಆಗಿ ನಮ್ಮ ಮರಿ ತಿಂತಿದೆ, ಬನ್ನಿ" ಅಂತ.

ಕೊರವ ಹಿಡಿಯುವುದೇ ನನಗೆ ಬಹಳ ಇಷ್ಟ. ಅದಕ್ಕೆ ಕಿವಿರಿನ ಉಸಿರು ಸಾಲದು, ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ತಾವರೆ ಎಲೆಗಳ ನಡುವೆ 'ಗುಳುಂ' ಅಂದ ಜಾಗ ಗುರುತಿಟ್ಟುಕೊಂಡು, ಅಲ್ಲಾಡದೆ ಕೂತು, ಅದರಾಚೆ ರಬ್ಬರ್ ಕಪ್ಪೆ ಎಸೆದು ನಿಧಾನ ಎಳೆಯಬೇಕು. ಕಚ್ಚಿದ ಕೂಡಲೇ ಜಗ್ಗಿದರೆ ಕಪ್ಪೆ ಮಾತ್ರ ವಾಪಸ್ ಬರುತ್ತದೆ. ಒಂದು, ಎರಡು, ಮೂರು ಎಣಿಸಿ ಆಮೇಲೆ ಜಗ್ಗಬೇಕು. ನನಗೆ ಈಗಲೂ ಎರಡಕ್ಕೇ ಕೈ ತಡೆಯುವುದಿಲ್ಲ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಮುದ್ದೆಯಂತೆ ತೇಲುತ್ತಿದ್ದರೆ ಕೆಳಗೆ ತಂದೆತಾಯಿ ಕಾವಲಿವೆ ಅಂತ ಅರ್ಥ. ಅಲ್ಲಿ ಕಪ್ಪೆ ಬಿದ್ದರೆ ಸಿಟ್ಟಿಗೇ ಕಚ್ಚುತ್ತವೆ, ಬಹಳ ಸುಲಭ. ನಾನು ಎರಡು ಸಲ ಹಾಗೆ ಹಿಡಿದೆ. ಎರಡನೇ ಸಲ, ಕಾವಲಿಲ್ಲದ ಮರಿಗಳ ಮೇಲೆ ಬೇರೆ ಮೀನುಗಳು ಮುಗಿಬಿದ್ದದ್ದನ್ನು ದಡದಲ್ಲೇ ನಿಂತು ನೋಡಿದೆ. ಮತ್ತೆ ಹಾಗೆ ಹಿಡಿದಿಲ್ಲ.

ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದರೆ ಮಾತ್ರ ವಾಪಸ್ ಬಿಡಬೇಡಿ. ಅದನ್ನು ಸಾಕುವುದನ್ನು ಸರ್ಕಾರ 2000ದಲ್ಲೇ ನಿಷೇಧಿಸಿದೆ, ಆದರೂ ಅಲ್ಲಲ್ಲಿ ಇದೆ.

ಹೊಳೆಯ ಬಗ್ಗೆ ನಾನು ಹೇಳುವುದು ಕಡಿಮೆ. ವರದಾ ಬೇಸಿಗೆಯಲ್ಲಿ ತುಂಡು ತುಂಡು ಮಡು ಆಗುತ್ತದೆ, ಎಲ್ಲ ಮೀನೂ ಆ ಮಡುಗಳಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಹಿಡಿಯುವುದು ದೊಡ್ಡಸ್ತಿಕೆಯಲ್ಲ, ಡಬ್ಬಿಯಿಂದ ತೆಗೆದ ಹಾಗೆ. ತುಂಗೆಯಲ್ಲಿ ಶೃಂಗೇರಿ, ಚಿಬ್ಬಲಗುಡ್ಡೆಯ ಮೀನುಗಳು ದೇವರ ಮೀನು, ಮಂಡಕ್ಕಿ ಹಾಕಿ ಕೈಮುಗಿದು ಬರುವುದಷ್ಟೇ.

ವರ್ಷಕ್ಕೆ ಒಂದು ಕೆರೆಬೇಟೆಗಾದರೂ ಹೋಗುತ್ತೇನೆ. ಬೇಸಿಗೆ ಕೊನೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಊರಿನವರು ದಿನ ಗೊತ್ತು ಮಾಡುತ್ತಾರೆ. ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಿ ದಡದಲ್ಲಿ ನಿಲ್ಲಬೇಕು. ಸೂಚನೆ ಕೊಟ್ಟ ಕೂಡಲೇ ನೂರಾರು ಜನ ಒಟ್ಟಿಗೇ ಕೆಸರಿಗೆ ಇಳಿಯುತ್ತಾರೆ. ಕೂಣಿ ಅಂದರೆ ಬುಡ ಅಗಲ, ಬಾಯಿ ಕಿರಿದಾದ ಬಿದಿರಿನ ಬುಟ್ಟಿ, ತಳ ಇರುವುದಿಲ್ಲ. ಕೆಸರಿಗೆ ಒತ್ತಿದರೆ ಒಳಗೆ ಸಿಕ್ಕ ಮೀನು ಗೋಡೆಗೆ ದಬ್ ಅಂತ ಗುದ್ದುತ್ತದೆ. ಮೇಲಿನ ಬಾಯಿಂದ ಕೈ ಹಾಕಿ ತಡಕಬೇಕು. ಇಲ್ಲಿ ಗಾಳದವರ ಜಾಣತನ ನಡೆಯುವುದಿಲ್ಲ. ಮೊದಲ ಸಲ ನನಗೆ ಸಿಕ್ಕಿದ್ದು ಮುರುಗೋಡು ಮೀನು, ಅದಕ್ಕಿಂತ ಮೊದಲು ಅದರ ಮುಳ್ಳಿಗೆ ನನ್ನ ಹೆಬ್ಬೆರಳು ಸಿಕ್ಕಿತು. ರಾತ್ರಿಯಿಡೀ ಉರಿ. ಪಕ್ಕದಲ್ಲಿದ್ದ ಅಜ್ಜ ಹೇಳಿಕೊಟ್ಟರು: ಬಾಲದಿಂದ ಹಿಡಿಯಬಾರದು, ತಲೆಯ ಹಿಂದೆ ಒತ್ತಿ ಹಿಡಿಯಬೇಕು.

ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಹತ್ತುಮೀನು ಹಿಡಿಯಲು ಚಿಕ್ಕಂದಿನಲ್ಲಿ ಬ್ಯಾಟರಿ, ಕತ್ತಿ ಹಿಡಿದು ಗದ್ದೆಯಲ್ಲಿ ಓಡಿದ ಖುಷಿ ಸುಳ್ಳಲ್ಲ. ಆದರೆ ಹಾಗೆ ಹತ್ತಿ ಬರುವ ಮೀನಿನ ಹೊಟ್ಟೆ ತುಂಬಾ ಮೊಟ್ಟೆ. ಜೂನ್, ಜುಲೈ ಎರಡು ತಿಂಗಳು ಹೊಳೆ, ಜಲಾಶಯಗಳಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧ ಇರುವುದೂ ಅದಕ್ಕೇ. ಆ ಎರಡು ತಿಂಗಳು ನಾನು ದಾರ ಬದಲಿಸುತ್ತೇನೆ, ಡೈರಿ ಓದುತ್ತೇನೆ, ಪೇಪರಿನಲ್ಲಿ ಮಟ್ಟ ಏರುವುದನ್ನು ನೋಡುತ್ತೇನೆ.

ಮೊನ್ನೆ ಅಕ್ಕನ ಮಗ ಬೆಂಗಳೂರಿನಿಂದ ಹೊಸ ರಾಡ್ ತಂದ. "ಮಾವ, ಒಂದೊಳ್ಳೆ ಜಾಗದ ಲೊಕೇಶನ್ ಕಳ್ಸಿ" ಅಂದ. ನಾನು ಅವತ್ತಿನ ಪೇಪರಿನ ಜಲಾಶಯ ಮಟ್ಟದ ಫೋಟೊ ಕಳಿಸಿದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದಾನೆ, ಇನ್ನೂ ಉತ್ತರ ಕೊಟ್ಟಿಲ್ಲ.